ಇಂಗ್ಲಿಷಿನಿಂದ ಇಂಗ್ಲಿಷಿಗೆ

ಕೆಟ್ಟ ಹೆಸರು ಬಂದರೆ ಅದನ್ನು ಹೇಗಾದರೂ ತೊಳೆದುಕೊಳ್ಳಬಹುದು. ನಾಲ್ಕು ದಿನ ತಗ್ಗಿಬಗ್ಗಿ ನಡೆದರೆ ಊರು ಮರೆತುಬಿಡುತ್ತದೆ. ಆದರೆ ನಮ್ಮದಲ್ಲದ ಒಳ್ಳೆಯ ಹೆಸರು ನಮ್ಮ ತಲೆಯ ಮೇಲೆ ಬಂದು ಕುಳಿತರೆ ಅದನ್ನು ಇಳಿಸುವ ಉಪಾಯ ಯಾರಿಗೂ ಗೊತ್ತಿಲ್ಲ. ಇಳಿಸುವ ಮನಸ್ಸೂ ಬರುವುದಿಲ್ಲ ಎಂಬುದು ಬೇರೆ ಮಾತು. ಬೆಳ್ಳಾರೆಯಲ್ಲಿ ನನಗೆ ಹತ್ತು ಹನ್ನೆರಡು ವರ್ಷ ಇಂಥದ್ದೊಂದು ಹೆಸರಿತ್ತು: ‘ಇಂಗ್ಲಿಷ್ ಬಲ್ಲ ಮಾಸ್ಟ್ರು.’ ಊರಲ್ಲಿ ನಿಜ ಸಂಗತಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ನನಗೆ ಮತ್ತು ನನ್ನ ಹೆಂಡತಿ ಸಾವಿತ್ರಿಗೆ. ನಾನು ಊರವರೆದುರು ಎಂದೂ ಬಾಯಿ ಬಿಡಲಿಲ್ಲ. ಅವಳು ಬಿಡದಿದ್ದದ್ದು ನನ್ನ ಮೇಲಿನ ಗೌರವದಿಂದಲ್ಲ. ಇಂಗ್ಲಿಷ್ ಬಲ್ಲ ಮಾಸ್ಟ್ರ ಹೆಂಡತಿ ಎಂದು ಅವಳಿಗೂ ಮದುವೆಮನೆಗಳಲ್ಲಿ ಒಂದು ಒಳ್ಳೆಯ ಜಾಗ ಸಿಗುತ್ತಿತ್ತು.

ನಾನು ಶಾಲೆಯಲ್ಲಿ ಕಲಿಸುತ್ತಿದ್ದದ್ದು ಕನ್ನಡ ಮತ್ತು ಲೆಕ್ಕ. ನಮ್ಮ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿ, ಇಂಗ್ಲಿಷ್ ಪತ್ರಿಕೆಯನ್ನು ಹೊಳೆಯ ಮೇಲಿನ ಅಡಿಕೆಮರದ ಪಾಲದಲ್ಲಿ ದಾಟುವವನ ಹಾಗೆ, ಕೆಳಗೆ ನೋಡದೆ ದಾಟಿ ಬಂದವನು. ಅಲ್ಲಿಗೆ ಆ ಭಾಷೆಗೂ ನನಗೂ ಇದ್ದ ವ್ಯವಹಾರ ಮುಗಿಯಬೇಕಾಗಿತ್ತು. ಆದರೆ ಒಂದು ದಿನ ಪೇಟೆಯ ವ್ಯಾಪಾರಿ ಮೊಯ್ದಿನ್ ಬ್ಯಾರಿಗಳಿಗೆ ಬೊಂಬಾಯಿಯಿಂದ ಅವರ ತಮ್ಮನ ತಂತಿ ಬಂತು. ತಂತಿ ಎಂದರೆ ಯಾರೋ ಸತ್ತರು ಎಂದೇ ಅರ್ಥವಿದ್ದ ಕಾಲ. ಬ್ಯಾರಿಗಳ ಮನೆಯಲ್ಲಿ ಅಳುವುದಕ್ಕೆ ಎಲ್ಲ ಸಿದ್ಧವಾಗಿತ್ತು. ದಾರಿಯಲ್ಲಿ ಹೋಗುತ್ತಿದ್ದ ನನ್ನನ್ನು ನಿಲ್ಲಿಸಿ ಕಾಗದ ಕೈಗೆ ಕೊಟ್ಟರು. ಅದರಲ್ಲಿದ್ದದ್ದು ಎರಡೇ ಶಬ್ದ. ನನ್ನ ದುರದೃಷ್ಟ, ಎರಡೂ ನನಗೆ ಗೊತ್ತಿದ್ದವು. “ಕ್ಷೇಮವಾಗಿ ತಲುಪಿದ್ದಾನೆ” ಎಂದೆ. “ಮಾಸ್ಟ್ರು ಕಣ್ಣುಮುಚ್ಚಿ ತೆರೆಯುದರೊಳಗೆ ಓದಿಬಿಟ್ರು ಮಾರಾಯ್ರೆ!” ಎಂದು ಬ್ಯಾರಿಗಳು ಅಂದು ಸಂಜೆಯೊಳಗೆ ಪೇಟೆಗೆಲ್ಲ ಹೇಳಿದರು. ಅಂದಿನಿಂದ ಔಷಧದ ಬಾಟಲಿ, ಪಂಪಿನ ಜೊತೆ ಬಂದ ಚೀಟಿ, ಕೋರ್ಟಿನ ಕಾಗದ ಎಲ್ಲವೂ ನನ್ನ ಜಗಲಿಗೆ ಬರತೊಡಗಿದವು. ನಾನು ಒಂದು ದಪ್ಪ ನಿಘಂಟು ಕೊಂಡು ತಂದೆ. ಅದನ್ನು ಕಂಡವರಿಗೆ ನನ್ನ ವಿದ್ವತ್ತಿನಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಸಂಶಯವೂ ಹೋಯಿತು.

ಈಗ ಯೋಚಿಸಿದರೆ ವಿಚಿತ್ರ ಎನಿಸುತ್ತದೆ. ನಮ್ಮ ಮೊಯ್ದಿನ್ ಬ್ಯಾರಿಗಳು ಮನೆಯಲ್ಲಿ ಬ್ಯಾರಿ ಭಾಷೆ ಆಡುತ್ತಿದ್ದರು. ಅಂಗಡಿಯ ಗಲ್ಲೆಯಲ್ಲಿ ಕುಳಿತರೆ ತುಳು. ಜಾಲ್ಸೂರಿನಿಂದ ಆಚೆ ಕಾಸರಗೋಡಿನ ಕಡೆಯವರು ಬಂದರೆ ಮಲಯಾಳ. ಗೌಡರು ಬಂದರೆ ಅವರದೇ ಅರೆಭಾಷೆ, ನನ್ನಂಥವರು ಹೋದರೆ ಕನ್ನಡ. ಒಂದೇ ಗಂಟೆಯಲ್ಲಿ ಐದು ಭಾಷೆಯಲ್ಲಿ ಒಂದೇ ಬೆಲ್ಲದ ಗುಣಗಾನ ಮಾಡುತ್ತಿದ್ದರು. ಅವರನ್ನು ಯಾರೂ ವಿದ್ವಾಂಸರು ಎನ್ನಲಿಲ್ಲ. ಅವರಿಗೂ ಹಾಗೆ ಅನಿಸಿರಲಿಲ್ಲ. ಅರ್ಧ ಭಾಷೆ ಕೂಡ ನೆಟ್ಟಗೆ ಬಾರದ ನಾನು ಬಂದರೆ ಮಾತ್ರ ಎದ್ದು ನಿಂತು ಬೆಂಚು ಒರೆಸುತ್ತಿದ್ದರು. ಬ್ರಿಟಿಷರು ಹೋಗಿ ಹದಿಮೂರು ಹದಿನಾಲ್ಕು ವರ್ಷವಾಗಿತ್ತು. ಅವರು ಬಿಟ್ಟುಹೋದ ಹೆದರಿಕೆ ಮಾತ್ರ ನಮ್ಮಲ್ಲೇ ಉಳಿದಿತ್ತು.

ಈ ಹೆದರಿಕೆಯಿಂದ ನಾನು ಒಮ್ಮೆ ಸರಿಯಾಗಿ ಅನುಭವಿಸಿದ್ದೂ ಉಂಟು. ಶಾಲೆಗೆ ಬಂದ ಇನ್‌ಸ್ಪೆಕ್ಟರು ನನ್ನ ಹೆಸರು ಕೇಳಿದ್ದರೋ ಏನೋ, ಎಲ್ಲರೆದುರು ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ಉದ್ದವಾದ ಪ್ರಶ್ನೆ, ಕೊನೆಯಲ್ಲಿ ಒಂದು ನಗೆ. ಅರ್ಥವಾಗದ ಪ್ರಶ್ನೆಗೆ ಎಸ್ ಎನ್ನಬೇಕೋ ನೋ ಎನ್ನಬೇಕೋ ಎಂದು ತೀರ್ಮಾನಿಸುವುದಕ್ಕೆ ನನ್ನದೇ ಒಂದು ಕ್ರಮವಿತ್ತು. ಕೇಳಿದವರು ನಗುತ್ತಿದ್ದರೆ ಎಸ್, ಗಂಟುಮುಖವಾದರೆ ನೋ. ಅವರು ನಗುತ್ತಿದ್ದರು. “ಎಸ್ ಸಾರ್, ಥ್ಯಾಂಕ್ಯೂ ಸಾರ್” ಎಂದೆ. ಅವರು ಬೆನ್ನು ತಟ್ಟಿದರು. ತಿಂಗಳೊಳಗೆ ಕೊಲ್ಲಮೊಗ್ರಿಗೆ ವರ್ಗವಾಯಿತು. ಕಾಡಂಚಿನ ಆ ಊರಿಗೆ ಹೋಗಲು ಯಾರೂ ಒಪ್ಪುತ್ತಿಲ್ಲ, ನೀವು ಸಂತೋಷದಿಂದ ಹೋಗುತ್ತೀರಾ ಎಂಬುದು ಅವರ ಪ್ರಶ್ನೆಯಾಗಿತ್ತಂತೆ. ಎರಡು ವರ್ಷ ಅಲ್ಲಿ ಉಂಬಳಗಳಿಗೆ ರಕ್ತ ಕೊಟ್ಟು ಬೆಳ್ಳಾರೆಗೆ ಮರಳಿದೆ.

ಹೀಗೆ ನನ್ನ ಹೆಸರೂ ನಾನೂ ಹೇಗೋ ಹೊಂದಿಕೊಂಡು ಬದುಕುತ್ತಿದ್ದಾಗ, ನಯಾಪೈಸೆ ಬಂದು ಮೂರು ನಾಲ್ಕು ವರ್ಷವಾಗಿದ್ದಿರಬೇಕು, ಮಳೆಗಾಲ ಮುಗಿದ ಒಂದು ಬೆಳಗ್ಗೆ ಮೊಯ್ದಿನ್ ಬ್ಯಾರಿಗಳು ಮುಂಡು ಎತ್ತಿಕಟ್ಟಿ ಶಾಲೆಯ ಅಂಗಳಕ್ಕೆ ಓಡಿ ಬಂದರು. “ಮಾಸ್ಟ್ರೆ, ಬೇಗ ಬನ್ನಿ. ನನ್ನ ಅಂಗಡಿಯ ಎದುರು ಒಬ್ಬ ಬಿಳಿ ದೊರೆ ಜೀಪು ನಿಲ್ಲಿಸಿದ್ದಾನೆ. ಒಟ್ಟಿಗೆ ಹೆಂಡತಿ ಉಂಟು. ಅವಳಿಗೆ ಜ್ವರ, ಕಾಲು ಇಷ್ಟು ದಪ್ಪ. ನಾನು ಗೊತ್ತಿದ್ದ ಭಾಷೆಯಲ್ಲೆಲ್ಲ ಕೇಳಿದೆ. ಬೊಂಬಾಯಿ ಹಿಂದೂಸ್ತಾನಿಯೂ ಆಯ್ತು. ಅವನು ‘ಮಾರಿಯೋ, ಮಾರಿಯೋ’ ಅಂತ ಎದೆ ಮುಟ್ಟಿಕೊಳ್ತಾನೆ. ಬಂದ ರೋಗ ಮಾರಿಯೋ ಅಂತ ನಮ್ಮನ್ನು ಕೇಳಿದರೆ ನಮಗೆ ಎಂತ ಗೊತ್ತು? ಡಾಕ್ಟ್ರು ಹೇಳ್ಬೇಕಷ್ಟೆ.”

ಔಷಧದ ಬಾಟಲಿಗಾದರೆ ಬಾಯಿಲ್ಲ, ನಿಧಾನವಾಗಿ ನಿಘಂಟು ತೆರೆದು ನೋಡಬಹುದು. ಜೀವಂತ ದೊರೆಯನ್ನು ಜಗಲಿಯಲ್ಲಿ ಕೂರಿಸಿ ಪುಟ ತಿರುಗಿಸುವುದು ಹೇಗೆ? ಪಾಠ ಇದೆ ಎಂದೆ. ಮುಖ್ಯೋಪಾಧ್ಯಾಯರು “ಹೋಗಿ ಬನ್ನಿ, ಶಾಲೆಗೇ ಗೌರವ” ಎಂದರು. ಆಗ ದೇವರು ಕೊಟ್ಟ ಬುದ್ಧಿಯಂತೆ ನೆನಪಾಯಿತು, ಪುತ್ತೂರಿನ ವಕೀಲ ರಾಮಕೃಷ್ಣಯ್ಯನವರು ನಿನ್ನೆಯೇ ಊರಿಗೆ ಬಂದು ತಂಗಿಯ ಮನೆಯಲ್ಲಿದ್ದಾರೆ ಎಂದು. ಅವರು ಮದರಾಸಿನಲ್ಲಿ ಓದಿದವರು. ಅವರ ಇಂಗ್ಲಿಷ್ ಎಂಥದ್ದೆಂದರೆ, ಪುತ್ತೂರಿನಲ್ಲಿ ಹೊರಟ ವಾಕ್ಯಕ್ಕೆ ಪೂರ್ಣವಿರಾಮ ಸಿಗುವುದು ಮಂಗಳೂರಿನಲ್ಲಿ. “ಬ್ಯಾರಿಗಳೇ, ಅಂಥವರು ಊರಲ್ಲಿರುವಾಗ ನಾನು ಬಾಯಿ ಹಾಕುವುದು ಮರ್ಯಾದೆಯಲ್ಲ. ಅವರಿಗೆ ಹೇಳಿಕಳಿಸಿ” ಎಂದೆ. “ಅವರೂ ಬರ್ಲಿ, ನೀವೂ ಬನ್ನಿ” ಎಂದು ಬ್ಯಾರಿಗಳು ನನ್ನ ತೋಳು ಹಿಡಿದರು.

ನಾವು ಹೋಗುವಾಗ ಆ ಗಂಡಹೆಂಡಿರನ್ನು ಡಾಕ್ಟರ ಶಾಪಿಗೆ ಕರೆದುಕೊಂಡು ಹೋಗಿದ್ದರು. ಡಾಕ್ಟರು ಮಂಗಳೂರಿಗೆ ಹೋಗಿದ್ದರು, ಇದ್ದದ್ದು ಕಂಪೌಂಡರ್ ಐತಪ್ಪ. ಬೆಂಚಿನ ಮೇಲೆ ಆ ಹೆಂಗಸು ಕಣ್ಣು ಮುಚ್ಚಿ ಒರಗಿದ್ದಳು. ನಲವತ್ತರ ಒಳಗಿನ ಪ್ರಾಯ, ಮುಖ ಜ್ವರದಿಂದ ದಾಸವಾಳದಂತಾಗಿತ್ತು. ಪಾದದ ಹತ್ತಿರ ಉಂಬಳ ಕಚ್ಚಿದ ಗಾಯ ಕೀವಾಗಿ ಕೆಂಪು ಮೊಣಕಾಲಿನವರೆಗೆ ಏರಿತ್ತು. ಗಂಡ ಉದ್ದನೆಯ ಬಡಕಲು ಮನುಷ್ಯ. ಗಡ್ಡದಲ್ಲಿ ಒಣ ಎಲೆಯ ಚೂರುಗಳಿದ್ದವು. ಆಮೇಲೆ ತಿಳಿದದ್ದು, ಅವನು ಇಟಲಿ ದೇಶದವನು, ಅಲ್ಲಿನ ಒಂದು ಕಾಲೇಜಿನಲ್ಲಿ ಗಿಡಗಳ ಪಾಠ ಮಾಡುವವನು, ಕೊಲ್ಲಮೊಗ್ರಿನ ಕಾಡಿಗೆ ಜರಿಗಿಡ ಹುಡುಕಿಕೊಂಡು ಬಂದಿದ್ದ, ಮಾರಿಯೋ ಎಂಬುದು ಅವನ ಹೆಸರು. ನಾನು ಬಾಗಿಲಲ್ಲಿ ಎಲ್ಲರ ಹಿಂದೆ ನಿಂತೆ. ಅಷ್ಟರಲ್ಲಿ ವಕೀಲರು ಶಲ್ಯ ಸರಿಪಡಿಸಿಕೊಳ್ಳುತ್ತ ಬಂದರು. ಜನ ದಾರಿ ಬಿಟ್ಟರು. ನನಗೆ ಹೋದ ಉಸಿರು ಬಂತು.

ವಕೀಲರು ಶುರುಮಾಡಿದರು. ನಾನು ಅಂಥ ಇಂಗ್ಲಿಷನ್ನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಗಂಗಾಪ್ರವಾಹ. ನಮ್ಮ ಊರಿನ ಪರವಾಗಿ ಸ್ವಾಗತ, ಈ ಸ್ಥಿತಿಯಲ್ಲಿ ಭೇಟಿಯಾದುದಕ್ಕೆ ವಿಷಾದ ಎಲ್ಲ ಇದ್ದಿರಬೇಕು. ಮಾರಿಯೋ “ಎಸ್, ಎಸ್” ಎನ್ನುತ್ತಿದ್ದ. ಐತಪ್ಪ ಅಷ್ಟರಲ್ಲಿ ಸೂಜಿ ಕುದಿಸಿ, ಪೆನ್ಸಿಲಿನ್ ಸೀಸೆ ಕೈಯಲ್ಲಿ ಹಿಡಿದು, “ವಕೀಲ್ರೆ, ಪೆನ್ಸಿಲಿನ್ ಕೊಡುದಾ ಅಂತ ಒಮ್ಮೆ ಕೇಳಿ. ದೊರೆಗಳಲ್ವಾ, ಆಮೇಲೆ ಎಂತಾದ್ರು ಆದ್ರೆ ನನ್ನ ತಲೆಗೆ ಬರ್ತದೆ” ಎಂದ. ಆಗಿನ ಕಾಲಕ್ಕೆ ಪೆನ್ಸಿಲಿನ್ ಎಂದರೆ ಕೈಯೆತ್ತಿ ಮುಗಿಯುವಂಥ ಮದ್ದು. ವಕೀಲರು ಕೋರ್ಟಿನಲ್ಲಿ ಕೇಳುವ ಹಾಗೆ ಒಂದು ಪ್ರಶ್ನೆ ಕೇಳಿದರು. ಅದರ ನಡುವೆ ಪೆನ್ಸಿಲಿನ್ ಎಂಬ ಒಂದು ಶಬ್ದ ಮಾತ್ರ ನನಗೆ ತಿಳಿಯಿತು. ಮಾರಿಯೋಗೂ ಅದೊಂದೇ ತಿಳಿದಿರಬೇಕು. ಅವನು ಎರಡೂ ಕೈ ಎತ್ತಿ “ನೋ! ನೋ! ನೋ!” ಎಂದ.

ವಕೀಲರು ತೃಪ್ತಿಯಿಂದ ತಿರುಗಿದರು. “ಪೆನ್ಸಿಲಿನ್ ಚುಚ್ಚುವುದಕ್ಕೆ ನಿಮ್ಮ ಆಕ್ಷೇಪಣೆ ಏನಾದರೂ ಉಂಟೋ ಅಂತ ಕೇಳಿದೆ. ಇಲ್ಲ, ಇಲ್ಲ, ಇಲ್ಲ ಅಂತ ಮೂರು ಸಲ ಹೇಳಿದ್ರು. ಸಭ್ಯ ಜನ. ಐತಪ್ಪ, ನೀನು ಕೊಡು.”

ಐತಪ್ಪ ಸೂಜಿಗೆ ಮದ್ದು ಎಳೆದುಕೊಂಡ. ಮಾರಿಯೋ ಗಾಬರಿಯಿಂದ ವಕೀಲರನ್ನು ನೋಡಿದ, ಸೂಜಿಯನ್ನು ನೋಡಿದ, ಪುನಃ “ನೋ” ಎಂದ. “ಥ್ಯಾಂಕ್ಯೂ” ಎಂದರು ವಕೀಲರು. ನನಗೆ ಅವರ ಪ್ರಶ್ನೆ ಅರ್ಥವಾಗಿರಲಿಲ್ಲ ಎಂಬುದು ನಿಜ. ಆದರೆ ಆ ‘ನೋ’ ಅರ್ಥವಾಯಿತು. ಅದು ಪ್ರಶ್ನೆ ತಿಳಿಯದವನ ನೋ. ಇಂಗ್ಲಿಷ್ ಬಾರದವನ ಮುಖ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಬ್ಬು ಮೇಲೆ, ತುಟಿಯಲ್ಲಿ ನಗೆ, ಕಣ್ಣಿನಲ್ಲಿ ಪ್ರಾಣಸಂಕಟ. ಇನ್‌ಸ್ಪೆಕ್ಟರ ಎದುರು ನಾನು ಹಾಕಿಕೊಂಡಿದ್ದ ಮುಖವನ್ನೇ ಅವನು ಹಾಕಿಕೊಂಡಿದ್ದ. ಬಿಳಿಯರಿಗೂ ಇಂಗ್ಲಿಷ್ ಬಾರದೆ ಇರಬಹುದು ಎಂಬ ವಿಷಯ ನನಗೆ ಆ ಕ್ಷಣದವರೆಗೆ ಹೊಳೆದೇ ಇರಲಿಲ್ಲ. ಅವರೆಲ್ಲ ಹುಟ್ಟುವಾಗಲೇ ಅದನ್ನು ಆಡಿಕೊಂಡು ಹುಟ್ಟುತ್ತಾರೆ ಎಂದೇ ನಾನು ತಿಳಿದಿದ್ದೆ.

“ಐತಪ್ಪ, ನಿಲ್ಲಿಸು!” ಎಂದೆ. ನನ್ನ ದನಿ ನನಗೇ ಬೇರೆಯವರದ್ದೆಂಬಂತೆ ಕೇಳಿಸಿತು. ವಕೀಲರು ಹುಬ್ಬೇರಿಸಿ ನೋಡಿದರು. ನಾನು ಜನರನ್ನು ಸರಿಸಿ ಮುಂದೆ ಹೋಗಿ ಸೀಸೆಯನ್ನು ತೋರಿಸಿದೆ. “ಪೆನ್ಸಿಲಿನ್. ಮೇಡಂ. ಗುಡ್? ಬ್ಯಾಡ್?”

ಮಾರಿಯೋ ನನ್ನ ಎರಡೂ ಭುಜ ಹಿಡಿದುಕೊಂಡ. “ಬ್ಯಾಡ್! ವೆರಿ ಬ್ಯಾಡ್! ಬಿಫೋರ್, ಮೈ ಕಂಟ್ರಿ, ಪೆನ್ಸಿಲಿನ್...” ಮುಂದಿನ ಶಬ್ದ ಅವನಿಗೆ ಸಿಗಲಿಲ್ಲ. ಅವನು ತನ್ನ ಕುತ್ತಿಗೆಯನ್ನು ತಾನೇ ಹಿಸುಕಿಕೊಂಡು, ನಾಲಗೆ ಚಾಚಿ, ಕಣ್ಣು ಮೇಲೆ ಮಾಡಿ, ಮೈ ತುಂಬ ಪರಪರ ಕೆರೆದುಕೊಂಡು, ಕೊನೆಗೆ ಬೆಂಚಿಗೆ ದೊಪ್ಪನೆ ಒರಗಿಬಿಟ್ಟ. “ಮೈ ವೈಫ್. ಫಿನಿಶ್. ಆಲ್ಮೋಸ್ಟ್ ಫಿನಿಶ್.”

“ಯಾ ಅಲ್ಲಾ, ಹಿಂದೊಮ್ಮೆ ಇದೇ ಮದ್ದಿಂದ ಸಾಯ್ಲಿಕ್ಕಾಗಿತ್ತು ಅಂತಲ್ವಾ ಇವನು ಹೇಳುದು?” ಎಂದರು ಬ್ಯಾರಿಗಳು. ಏಳನೆಯ ಭಾಷೆಯನ್ನೂ ಅವರು ಅಲ್ಲೇ ಕಲಿತುಬಿಟ್ಟಿದ್ದರು. ಐತಪ್ಪ ಸೂಜಿಯನ್ನು ಕೆಳಗಿಟ್ಟ. ವಕೀಲರ ಮುಖ ಬಿಳಿಚಿಕೊಂಡಿತು.

ಮೊದಲು ಚೇತರಿಸಿಕೊಂಡವರು ವಕೀಲರೇ. “ಇವರನ್ನು ಈಗಲೇ ಮಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕು. ನನ್ನ ಕಾರು ಕೊಡ್ತೇನೆ, ಡ್ರೈವರ್ ಇದ್ದಾನೆ” ಎಂದರು. ಅದನ್ನೇ ಮಾರಿಯೋಗೆ ಇಂಗ್ಲಿಷಿನಲ್ಲಿ ಹೇಳಿದರು. ಅವನು ನನ್ನ ಕಡೆ ತಿರುಗಿ ಮೆಲ್ಲಗೆ “ವಾಟ್ ಹಿ ಸೇ?” ಎಂದ. ನಾನು “ಹಿಸ್ ಕಾರ್. ಬಿಗ್ ಹಾಸ್ಪಿಟಲ್. ಮೇಡಂ ಗೋ. ನೌ” ಎಂದೆ. “ಆ!” ಎಂದು ಅವನು ವಕೀಲರ ಕೈ ಹಿಡಿದು ಕುಲುಕಿದ. ವಕೀಲರು ಇನ್ನೊಂದು ವಾಕ್ಯ ಹೇಳಿದರು. ಅವನು ಪುನಃ ನನ್ನ ಮುಖ ನೋಡಿದ. ವಕೀಲರು ಅಭ್ಯಾಸಬಲದಿಂದ ಅದನ್ನೇ ಕನ್ನಡದಲ್ಲಿ ಡ್ರೈವರಿಗೂ ಹೇಳಿದ್ದರಿಂದ ನಾನು ಬಚಾವಾದೆ. ಹೀಗೆ ಬೆಳ್ಳಾರೆಯ ಅರ್ಧ ಪೇಟೆಯ ಎದುರು ನಾನು ವಕೀಲರ ಇಂಗ್ಲಿಷನ್ನು ಇಂಗ್ಲಿಷಿಗೆ ಅನುವಾದ ಮಾಡಿದೆ. “ಮಾಸ್ಟ್ರು ಅವನ ದೇಶದ ಭಾಷೆಯಲ್ಲೇ ಮಾತಾಡುದು ಕಾಣ್ತದೆ” ಎಂದು ಹಿಂದಿನಿಂದ ಯಾರೋ ಹೇಳುವುದು ಕೇಳಿಸಿತು. ನಾನು ತಿದ್ದಲಿಲ್ಲ.

ಜೊತೆಗೆ ಹೋಗಬೇಕಾದವನು ನಾನೇ ಎಂಬುದರಲ್ಲಿ ಈಗ ಯಾರಿಗೂ ಸಂಶಯವಿರಲಿಲ್ಲ. ಐತಪ್ಪ ಗಾಯ ತೊಳೆದು ಕಟ್ಟಿ, ಜ್ವರಕ್ಕೆ ಒಂದು ಮಾತ್ರೆ ಕೊಟ್ಟ. ಅದನ್ನು ನುಂಗಿಸುವ ಮೊದಲು ಅವನೇ ಸೀಸೆ ತೋರಿಸಿ “ಗುಡ್? ಬ್ಯಾಡ್?” ಎಂದು ಕೇಳಿದ. ಮಂಗಳೂರಿಗೆ ಮೂರು ಗಂಟೆಯ ದಾರಿ. ಹಿಂದಿನ ಸೀಟಿನಲ್ಲಿ ಆಕೆ ಗಂಡನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಲುಚಿಯಾ ಎಂದು ಹೆಸರು. ನಾನು ಮುಂದೆ ಕುಳಿತು ಹಿಂದಕ್ಕೆ ತಿರುಗಿದ್ದೆ. ಮಾರಿಯೋನ ಹತ್ತಿರ ಒಂದು ಐವತ್ತು ಇಂಗ್ಲಿಷ್ ಶಬ್ದಗಳಿದ್ದವು, ನನ್ನ ಹತ್ತಿರವೂ ಅಷ್ಟೇ. ಅವನು ಸುಮ್ಮನಿದ್ದರೆ ಹೆಂಡತಿಯ ಮುಖ ನೋಡಿ ಅಳುತ್ತಿದ್ದ, ಅದಕ್ಕಾಗಿ ನಾನು ಮಾತಾಡಿಸುತ್ತ ಹೋದೆ. ಪುತ್ತೂರು ದಾಟುವಾಗ ಅವನ ತಾಯಿಗೆ ಮಂಡಿನೋವು ಎಂದು ತಿಳಿಯಿತು. ನನ್ನ ಮಗಳಿಗೆ ಲೆಕ್ಕ ಹತ್ತುವುದಿಲ್ಲ ಎಂದು ಅವನಿಗೆ ಹೇಳಿದೆ. ವ್ಯಾಕರಣ ನಮ್ಮಿಬ್ಬರಿಗೂ ಇರಲಿಲ್ಲವಾದ್ದರಿಂದ ಅಡ್ಡ ಬರಲೂ ಇಲ್ಲ. ಪಾಣೆಮಂಗಳೂರಿನಲ್ಲಿ ಹೊಳೆ ದಾಟುವ ಸಂಕದ ಮೇಲೆ ಅವನು ನೇತ್ರಾವತಿಯನ್ನು ನೋಡುತ್ತ ಒಂದು ಮಾತು ಹೇಳಿದ. “ಐ ನೋ ಫಿಯರ್ ಸ್ನೇಕ್. ನೋ ಫಿಯರ್ ಟೈಗರ್. ಐ ಫಿಯರ್ ಇಂಗ್ಲಿಷ್.” ಇಂಡಿಯಾದಲ್ಲಿ ಎಲ್ಲರೂ ಇಂಗ್ಲಿಷ್ ಆಡುತ್ತಾರೆಂದು ಕೇಳಿ ಬರುವುದಕ್ಕೇ ಹೆದರಿದ್ದನಂತೆ. ನಾನು ಕೈ ಹಿಂದಕ್ಕೆ ಚಾಚಿ “ಮೀ ಟೂ” ಎಂದೆ. ಹೆಂಡತಿಯನ್ನು ಬಿಟ್ಟರೆ ನಾನು ಸತ್ಯ ಹೇಳಿದ್ದು ಅವನೊಬ್ಬನಿಗೆ. ಅವನು ನನ್ನ ಕೈಯನ್ನು ಫರಂಗಿಪೇಟೆಯವರೆಗೂ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಅವನ ಭಾಷೆ ಬಲ್ಲ ಒಬ್ಬ ಮುದುಕ ಪಾದ್ರಿಗಳು ಸಿಕ್ಕಿದರು. ಮೂರು ವರ್ಷದ ಹಿಂದೆ ಆಕೆ ಅದೇ ಇಂಜೆಕ್ಷನ್ನಿನಿಂದ ಉಸಿರು ಕಟ್ಟಿ ಹೋಗಿ ಬದುಕಿದ್ದೇ ಹೆಚ್ಚು ಎಂಬುದು ಸ್ಪಷ್ಟವಾಯಿತು. ಇನ್ನೊಮ್ಮೆ ಚುಚ್ಚಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು ಡಾಕ್ಟರು. ಬೇರೆ ಮದ್ದು ಕೊಟ್ಟರು. ಹತ್ತು ಹನ್ನೆರಡು ದಿನದಲ್ಲಿ ಆಕೆ ನಡೆಯತೊಡಗಿದಳು. ಊರಿಗೆ ಬಂದು ಜೀಪು ತೆಗೆದುಕೊಂಡು ಹೋಗುವ ದಿನ ಸಾವಿತ್ರಿಯ ಕೈಯ ನೀರುದೋಸೆ ತಿಂದು, ಅವಳನ್ನು ಅಪ್ಪಿಕೊಂಡು ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು. ಸಾವಿತ್ರಿ ಅದಕ್ಕೆ ಕನ್ನಡದಲ್ಲೇ ಉತ್ತರ ಕೊಟ್ಟಳು. ಅವರಿಬ್ಬರಿಗೆ ನನ್ನ ಅಗತ್ಯ ಬೀಳಲಿಲ್ಲ.

ಆರು ತಿಂಗಳ ಮೇಲೆ ಇಟಲಿಯಿಂದ ನನ್ನ ಹೆಸರಿಗೆ ಕಾಗದ ಬಂತು. ಟೈಪು ಮಾಡಿದ ಎರಡು ಪುಟ. “ಓದಿ ಮಾಸ್ಟ್ರೆ, ನಮಗೂ ಕೇಳ್ಲಿ” ಎಂದು ಬ್ಯಾರಿಗಳು ಬೆಂಚು ಒರೆಸಿದರು. ನೋಡಿದರೆ ನಮ್ಮ ಮಾರಿಯೋನ ಇಂಗ್ಲಿಷೇ ಅಲ್ಲ! ಕೃತಜ್ಞತೆಯ ಕಾಗದ ಚೆನ್ನಾಗಿರಲಿ ಎಂದು ಅವನು ಯಾರೋ ಪಂಡಿತನಿಂದ ಬರೆಸಿದ್ದ. ಮೂರು ಶಬ್ದಕ್ಕೊಮ್ಮೆ ನಿಘಂಟು ಬೇಕು. “ಇದು ಸ್ವಂತ ವಿಷಯ” ಎಂದು ಜೇಬಿಗೆ ಹಾಕಿಕೊಂಡೆ. ಮನೆಯಲ್ಲಿ ಎರಡು ದಿನ ಗುದ್ದಾಡಿ ಅರ್ಧ ಪುಟ ದಾಟಿದೆ. ಬೇರೆ ದಾರಿ ಕಾಣದೆ ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಪುತ್ತೂರಿನ ವಕೀಲರ ಮನೆಗೆ ಹೋದೆ.

ವಕೀಲರು ಕನ್ನಡಕ ಹಾಕಿಕೊಂಡು ಓದಿ ಓದಿ ಕನ್ನಡದಲ್ಲಿ ಹೇಳಿದರು. ಲುಚಿಯಾ ಚೆನ್ನಾಗಿದ್ದಾಳೆ. ಒಂದು ಜರಿಗಿಡ ಅವರ ಕಾಲೇಜಿನ ತೋಟದಲ್ಲಿ ಬದುಕಿದೆ. ಆಮೇಲೆ ಅವರ ದನಿ ನಿಧಾನವಾಯಿತು. “ಆ ದಿನ ಒಬ್ಬ ಮಹನೀಯರು ಅತ್ಯುತ್ತಮ ಇಂಗ್ಲಿಷಿನಲ್ಲಿ ಮಾತಾಡಿದರು. ಅವರು ಕಾರು ಕೊಟ್ಟ ಉಪಕಾರವನ್ನು ಮರೆಯಲಾರೆ. ಆದರೆ ಅವರ ಒಂದು ಮಾತೂ ನನಗೆ ತಿಳಿಯಲಿಲ್ಲ. ನೀವು ಅಷ್ಟು ದೊಡ್ಡ ವಿದ್ವಾಂಸರಾಗಿದ್ದರೂ, ನನಗೆ ಅವಮಾನವಾಗಬಾರದೆಂದು ನಿಮ್ಮ ವಿದ್ವತ್ತನ್ನೆಲ್ಲ ಬದಿಗಿಟ್ಟು ನನ್ನ ಹಾಗೆಯೇ ತಪ್ಪುತಪ್ಪಾಗಿ ಮಾತಾಡಿದಿರಿ. ನಿಮಗೂ ಇಂಗ್ಲಿಷ್ ಎಂದರೆ ಹೆದರಿಕೆ ಎಂದು ಕೂಡ ಹೇಳಿದಿರಿ. ಅಷ್ಟು ದೊಡ್ಡ ಸೌಜನ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.”

ವಕೀಲರು ಕಾಗದ ಮಡಚಿ ನನ್ನನ್ನು ಬಹಳ ಹೊತ್ತು ನೋಡಿದರು. “ಮಾಸ್ಟ್ರೆ, ಇದನ್ನು ನೀವೇ ಓದಬಹುದಿತ್ತಲ್ಲ. ನನ್ನ ಹತ್ತಿರ ತಂದದ್ದು ಯಾಕೆ?”

ಒಪ್ಪಿಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಬಾಯಿ ತೆರೆದೆ. ಬಂದ ಮಾತು, “ನಿಮ್ಮ ವಿಷಯವೂ ಉಂಟಲ್ಲ, ನಿಮಗೂ ಕೇಳಲಿ ಅಂತ ತಂದೆ.”

ಅವರು ತಲೆ ತಗ್ಗಿಸಿದರು. “ಒಂದು ಮಾತು ಹೇಳ್ತೇನೆ, ಯಾರಿಗೂ ಹೇಳ್ಬೇಡಿ. ನನ್ನ ಇಂಗ್ಲಿಷು ಯಾರಿಗೂ ಅರ್ಥ ಆಗುದಿಲ್ವೋ ಅಂತ ನನಗೆ ಮೊದಲಿಂದ ಒಂದು ಸಂಶಯ ಉಂಟು. ಕೋರ್ಟಿನಲ್ಲೂ ಎಲ್ಲರೂ ತಲೆ ಆಡಿಸ್ತಾರೆ, ಅಷ್ಟೇ. ಆ ದಿನ ನೀವು ಇಲ್ಲದಿದ್ರೆ ಒಂದು ಜೀವ ನನ್ನ ಲೆಕ್ಕಕ್ಕೆ ಬರ್ತಿತ್ತು.” ಅವರ ಕಣ್ಣು ತೇವವಾಗಿತ್ತು. ಕಾಫಿ ತರಿಸಿದರು. ನಾನು ಕುಡಿದು ಏಳುವಾಗ ಕೈ ಹಿಡಿದು ಹೇಳಿದರು: “ಮುಂದಿನ ತಿಂಗಳು ಮಂಗಳೂರಿಗೆ ಜಪಾನಿನವರು ಬರ್ತಾರೆ, ಕಾಳುಮೆಣಸು ನೋಡ್ಲಿಕ್ಕೆ. ನಮ್ಮ ಕಡೆಯ ಬೆಳೆಗಾರರ ಪರವಾಗಿ ನಾನೇ ಮಾತಾಡ್ಬೇಕು. ನೀವು ಒಟ್ಟಿಗೆ ಬರ್ಬೇಕು ಮಾಸ್ಟ್ರೆ. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನೀವು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದ್ರೆ ಸಾಕು.”

ಆಗಲಿ ಎಂದೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನ್ನ ಎದೆ ಉಬ್ಬಿಯೇ ಇತ್ತು. ಮನೆಗೆ ಬಂದವನು ಕೈಕಾಲು ತೊಳೆಯುವ ಮೊದಲೇ ಸಾವಿತ್ರಿಗೆ ಎಲ್ಲವನ್ನೂ ಹೇಳಿದೆ. ನನ್ನ ಇಂಗ್ಲಿಷು ಇಟಲಿಗೆ ತಿಳಿದ ಮೇಲೆ ಜಪಾನಿಗೆ ತಿಳಿಯದೆ ಹೋಗುತ್ತದೆಯೇ, ನಿಜವಾಗಿ ನೋಡಿದರೆ ಲೋಕಕ್ಕೆಲ್ಲ ಬೇಕಾದದ್ದು ಈ ಇಂಗ್ಲಿಷೇ ಅಲ್ಲವೇ ಎಂದು ಕೇಳಿದೆ. ಅವಳು ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದಳು.

“ನೀವು ಹೇಳಿದ್ದು ಅವರಿಗೆ ಅರ್ಥ ಆಗ್ಬಹುದು, ಅದಕ್ಕೆ ನಾನು ಎಂತ ಹೇಳುದಿಲ್ಲ” ಎಂದಳು. “ಆದ್ರೆ ವಕೀಲರು ಹೇಳಿದ್ದು ನಿಮಗೆ ಅರ್ಥ ಆಗುದು ಹೇಗೆ?”

ಈ ಒಂದು ವಿಷಯ ನನಗೂ ಹೊಳೆದಿರಲಿಲ್ಲ, ವಕೀಲರಿಗೂ ಹೊಳೆದಿರಲಿಲ್ಲ. ಜಪಾನಿನ ಹಡಗು ದಾರಿಯಲ್ಲೆಲ್ಲಾದರೂ ಸ್ವಲ್ಪ ತಡವಾಗಲಿ, ಯಾರಿಗೂ ಏನೂ ಆಗದ ಹಾಗೆ ಬರೀ ತಡವಾಗಲಿ ಎಂದು ಮನಸ್ಸಿನಲ್ಲೇ ಕೈಮುಗಿದು ಬಚ್ಚಲಮನೆಯ ಕಡೆಗೆ ನಡೆದೆ.